ಫ್ಯೂರಿ ಅಷ್ಟು ಚೆನ್ನಾಗಿ ಆಡಿದರೂ ವೈಲ್ಡರ್ ಜೊತೆ ಡ್ರಾ ಆಗಿದ್ದು ಯಾಕೆ?

2018ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಹೆವಿವೇಟ್ ಬಾಕ್ಸಿಂಗ್ ಪಂದ್ಯದಲ್ಲಿ ಡಿಯೊಂಟೆ ವೈಲ್ಡರ್ ಎದುರು ಟೈಸನ್ ಫ್ಯೂರಿಗೆ ಮೋಸ ಆಯ್ತಾ ಅಂತ ಕೇಳಿದ್ದೀರಿ. ಪೂರ್ತಿ ಮೋಸ ಅನ್ನೋಕಾಗಲ್ಲ. ಲೆಕ್ಕ ನೋಡಿ.

ಸಾಮಾನ್ಯ ಸುತ್ತು ಗೆದ್ದರೆ 10-9. ಎದುರಾಳಿಯನ್ನು ಕೆಡವಿ ಗೆದ್ದರೆ 10-8. ಫ್ಯೂರಿ ಎರಡು ಸಲ ಬಿದ್ದರು, 9ನೇ ಮತ್ತು 12ನೇ ಸುತ್ತಿನಲ್ಲಿ. ಹಾಗಾಗಿ 12ರಲ್ಲಿ 7 ಸುತ್ತು ಗೆದ್ದರೂ ಅಂಕ 113-113. ಒಬ್ಬ ಜಡ್ಜ್ ಕೊಟ್ಟಿದ್ದು ಇದನ್ನೇ. ಇನ್ನೊಬ್ಬರು ಫ್ಯೂರಿಗೆ 114-112 ಕೊಟ್ಟರು, ಅದೂ ಸರಿ. ನನಗೆ ಇವತ್ತಿಗೂ ಅರಗದೇ ಇರೋದು ಮೂರನೆಯವರು ವೈಲ್ಡರ್‌ಗೆ ಕೊಟ್ಟ 115-111. ಅಂದ್ರೆ ವೈಲ್ಡರ್ 7 ಸುತ್ತು ಗೆದ್ದರಂತೆ! ಯಾವ ಏಳು ಅಂತ ಅವರೇ ಹೇಳಬೇಕು. ಹೀಗೆ ಒಬ್ಬರು ಫ್ಯೂರಿಗೆ, ಒಬ್ಬರು ವೈಲ್ಡರ್‌ಗೆ, ಒಬ್ಬರು ಸಮ ಅಂತ ಕೊಟ್ಟಿದ್ದರಿಂದಲೇ ಪಂದ್ಯ ಡ್ರಾ ಆಯ್ತು.

ಆ 12ನೇ ಸುತ್ತನ್ನು ಮಾತ್ರ ಮತ್ತೊಮ್ಮೆ ನೋಡಿ. ಬಲಗೈ ಹೊಡೆತ, ಹಿಂದೆಯೇ ಎಡಗೈ ಹುಕ್ (ಕೈ ಬಾಗಿಸಿ ಪಕ್ಕದಿಂದ ಕೊಡುವ ಹೊಡೆತ). ಫ್ಯೂರಿ ಅಂಗಾತ ಬಿದ್ದರು. ಮುಗೀತು ಅಂತ ವೈಲ್ಡರ್ ಸಂಭ್ರಮ ಶುರುಮಾಡಿದ್ರು. ರೆಫರಿ ಜ್ಯಾಕ್ ರೀಸ್ ಪಂದ್ಯ ನಿಲ್ಲಿಸದೆ ಪಕ್ಕದಲ್ಲೇ ಬಗ್ಗಿ ಎಣಿಸಿದರು. ಹತ್ತು ಎಣಿಸುವಷ್ಟರಲ್ಲಿ ಏಳದಿದ್ದರೆ ಸೋಲು. ಹತ್ತಾಗುವ ಮೊದಲೇ ಫ್ಯೂರಿ ಎದ್ದು ನಿಂತರು, ಮೇಲಾಗಿ ಕೊನೆಯ ಗಂಟೆ ಹೊಡೆಯೋವರೆಗೂ ವೈಲ್ಡರ್‌ನ ಅಟ್ಟಾಡಿಸಿದರು.

2020ರ ಮರುಪಂದ್ಯದಲ್ಲಿ ಜಡ್ಜ್‌ಗಳಿಗೆ ಕೆಲಸವೇ ಇರಲಿಲ್ಲ ಬಿಡಿ, ಫ್ಯೂರಿ 7ನೇ ಸುತ್ತಿಗೇ ಮುಗಿಸಿದ್ರು.