ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಗೋಡೆಯ ಕೋವಿ, ಶಾಲೆಯ ಗೇಟು

ಪ್ರಶ್ನೆ: ನಮ್ಮದು ಮಂಡ್ಯದ ಖಾಸಗಿ ಶಾಲೆ, ಸುಮಾರು 900 ಮಕ್ಕಳಿದ್ದಾರೆ. ಅಮೆರಿಕದ ಶಾಲೆಗಳ ಗುಂಡಿನ ದಾಳಿಯ ಸುದ್ದಿ ನೋಡಿದ ಪೋಷಕರು ಗೇಟಿಗೆ ಮೆಟಲ್ ಡಿಟೆಕ್ಟರ್ ಮತ್ತು ಗನ್‌ಮ್ಯಾನ್ ಬೇಕೆಂದು ಹಟ ಹಿಡಿದಿದ್ದಾರೆ. ಹಾಕಿಸೋಣವೇ?
— ಪೋಷಕರ ಸಮಿತಿಯ ಸದಸ್ಯರು, ಮಂಡ್ಯ

ಉತ್ತರ: ಮೊದಲು ಗನ್‌ಮ್ಯಾನ್ ವಿಚಾರ. ವೈಯಕ್ತಿಕ ಶಸ್ತ್ರ ಲೈಸೆನ್ಸಿನ ಷರತ್ತುಗಳನ್ನು ತೆಗೆದು ಓದಿ. ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ ಮತ್ತು ವಿದ್ಯಾಸಂಸ್ಥೆಯ ಆವರಣದೊಳಗೆ ಆ ಆಯುಧ ಒಯ್ಯುವಂತಿಲ್ಲ ಎಂದು ಅದರಲ್ಲೇ ಇದೆ. ನಿವೃತ್ತ ಸೈನಿಕರೊಬ್ಬರನ್ನು ಅವರದೇ ಬಂದೂಕಿನ ಸಮೇತ ಗೇಟಿನಲ್ಲಿ ನಿಲ್ಲಿಸಿದರೆ ನಿಯಮ ಮುರಿದವರು ಅವರೇ ಆಗುತ್ತಾರೆ.

ಇನ್ನು ಡಿಟೆಕ್ಟರ್. ಒಂದು ಮಗು ಬ್ಯಾಗ್ ಇಳಿಸಿ, ಚೌಕಟ್ಟು ದಾಟಿ, ಮತ್ತೆ ಬ್ಯಾಗ್ ಏರಿಸಿಕೊಳ್ಳಲು ಆರು ಸೆಕೆಂಡ್ ಸಾಕು ಎಂದುಕೊಂಡರೂ ನಿಮಿಷಕ್ಕೆ ಹತ್ತು ಮಕ್ಕಳು. 900 ಮಕ್ಕಳಿಗೆ ಒಂದೂವರೆ ಗಂಟೆ. ಸ್ಟೀಲ್ ಟಿಫಿನ್ ಡಬ್ಬಿ, ನೀರಿನ ಬಾಟಲಿ, ಜಾಮಿಟ್ರಿ ಬಾಕ್ಸಿನ ಕೈವಾರ, ಬೆಲ್ಟಿನ ಬಕಲ್ ಎಲ್ಲದಕ್ಕೂ ಅದು ಕೂಗುತ್ತದೆ. ಒಂದು ವಾರ ಕಳೆಯುವುದರೊಳಗೆ ಕಾವಲುಗಾರ ಸೂಕ್ಷ್ಮತೆ ತಗ್ಗಿಸುತ್ತಾನೆ, ಇಲ್ಲವೇ 'ಹೋಗಿ ಹೋಗಿ' ಎಂದು ಕೈ ಬೀಸುತ್ತಾನೆ. ಅಷ್ಟು ಹೊತ್ತು ನೂರಾರು ಮಕ್ಕಳು ಆಟೊ, ಬಸ್ಸು ಓಡಾಡುವ ರಸ್ತೆಯಲ್ಲೇ ನಿಂತಿರಬೇಕು. ಇಲ್ಲದ ಅಪಾಯವನ್ನು ತಡೆಯಲು ಹೋಗಿ ಇರುವ ಅಪಾಯವನ್ನು ಹೆಚ್ಚಿಸಿದಂತೆ.

ಅಮೆರಿಕದಿಂದ ಕಲಿಯುವುದಿದ್ದರೆ ಬಾಗಿಲಿನ ಪಾಠ ಕಲಿಯಿರಿ. ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ 2012ರ ಡಿಸೆಂಬರ್ 14ರಂದು 20 ಮಕ್ಕಳು, ಆರು ಸಿಬ್ಬಂದಿ ಸತ್ತರು. ಅಲ್ಲಿ ತರಗತಿಯ ಬಾಗಿಲಿಗೆ ಬೀಗ ಹಾಕಲು ಶಿಕ್ಷಕಿ ಕೀಲಿ ಹಿಡಿದು ಹೊರಗೆ ಕಾರಿಡಾರಿಗೇ ಬರಬೇಕಿತ್ತು. ಟೆಕ್ಸಾಸ್‌ನ ಯುವಾಲ್ಡಿಯಲ್ಲಿ 2022ರ ಮೇ 24ರಂದು 19 ಮಕ್ಕಳು, ಇಬ್ಬರು ಶಿಕ್ಷಕಿಯರು ಬಲಿಯಾದರು. ಹೊರಬಾಗಿಲನ್ನು ಎಳೆದು ಮುಚ್ಚಿದ್ದರೂ ಲಾಕ್ ಬಿದ್ದಿರಲಿಲ್ಲ. ಒಟ್ಟು 376 ಪೊಲೀಸರು ಸ್ಥಳಕ್ಕೆ ಬಂದರೂ ಹಂತಕನನ್ನು ಎದುರಿಸಲು 77 ನಿಮಿಷ ಹಿಡಿಯಿತು. ಬಂದೂಕು ಹಿಡಿದವರಿಗೆ ಅಲ್ಲಿ ಕೊರತೆ ಇರಲಿಲ್ಲ.

ನಮ್ಮ ಬಹಳಷ್ಟು ಶಾಲೆಗಳ ಕೊಠಡಿಗಳಿಗೂ ಹೊರಗಿನಿಂದ ಮಾತ್ರ ಚಿಲಕ. ಒಳಗೆ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಶಿಕ್ಷಕರಿಗೆ ನಿಲುಕಿ ಚಿಕ್ಕವರಿಗೆ ನಿಲುಕದಂತೆ ದಪ್ಪ ಅಗುಳಿ ಹಾಕಿಸಿ. ಬಡಗಿ ಅರ್ಧ ಇಂಚಿನ ಸ್ಕ್ರೂ ಬಡಿದು ಹೋದರೆ ಒಂದೇ ಒದೆಗೆ ಅಗುಳಿ ಕಿತ್ತು ಬರುತ್ತದೆ. ಹಲಗೆಯ ದಪ್ಪ ನೋಡಿಕೊಂಡು ಉದ್ದದ ಸ್ಕ್ರೂ ಕೇಳಿ, ಅಗುಳಿಯ ತುದಿ ಚೌಕಟ್ಟಿನೊಳಗೆ ಕನಿಷ್ಠ ಒಂದು ಇಂಚು ಇಳಿಯಲಿ. ಹೊರಗಿನ ಚಿಲಕವನ್ನು ಶಾಲೆಯ ಹೊತ್ತಿನಲ್ಲಿ ಯಾರೂ ಎಳೆಯದಂತೆ ತೆರೆದ ಸ್ಥಿತಿಯಲ್ಲೇ ಬೀಗ ಹಾಕಿ ಬಿಡಿ.

ಹಾಗೆಂದು ಮೆಟ್ಟಿಲ ಗ್ರಿಲ್‌ಗೆ ಬೀಗ ಜಡಿಯಬೇಡಿ. 2004ರ ಜುಲೈ 16ರಂದು ಕುಂಭಕೋಣದ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ನಮ್ಮ ಊರುಗಳಲ್ಲಿ ಗುಂಡಿಗಿಂತ ಬೆಂಕಿಯ ಸಾಧ್ಯತೆಯೇ ಹೆಚ್ಚು. ಒಳಬರಲು ಒಂದೇ ದಾರಿ, ಹೊರಹೋಗಲು ಒಳಗಿನಿಂದ ಕೈಯಲ್ಲೇ ತೆಗೆಯಬಹುದಾದ ಎರಡು ದಾರಿ ಇರಲಿ. ಡಿಟೆಕ್ಟರಿಗೆ ಎತ್ತಿಟ್ಟ ಹಣದಲ್ಲಿ ಇಷ್ಟೂ ಮುಗಿದು, ಗೇಟಿನಿಂದ ಆಫೀಸಿಗೆ ಒಂದು ಇಂಟರ್‌ಕಾಮ್ ಕೂಡ ಬರುತ್ತದೆ. ಮಗುವನ್ನು ಕರೆದೊಯ್ಯಲು ಬಂದವರು ಯಾರೇ ಆಗಲಿ, ಫೋಟೊ ಇರುವ ಕಾರ್ಡ್ ತೋರಿಸದಿದ್ದರೆ 'ಇಲ್ಲ' ಎನ್ನುವ ಅಧಿಕಾರ ಗೇಟಿನವನಿಗೆ ಇರಬೇಕು. ಆಡಳಿತ ಮಂಡಳಿಯವರ ನೆಂಟರಿಗೂ ಅದೇ ನಿಯಮ. ಅಲ್ಲೇ ಹೆಚ್ಚಿನ ಶಾಲೆಗಳು ಎಡವುವುದು.

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ತಾತನ ಕಾಲದ ಒಂಟಿ ನಳಿಗೆ ಕೋವಿ ಇದೆ, ಮದ್ದು ಜಡಿಯುವಂಥದ್ದು. ಲೈಸೆನ್ಸ್ ಅಪ್ಪನ ಹೆಸರಲ್ಲಿದೆ. ಹಂದಿ ಕಾಟಕ್ಕೆಂದು ತುಂಬಿಟ್ಟು ಗೋಡೆಗೆ ತೂಗುಹಾಕಿರುತ್ತೇವೆ. ಕೇಪು (ಬಡಿದರೆ ಕಿಡಿ ಹೊಡೆದು ಮದ್ದಿಗೆ ಬೆಂಕಿ ತಗುಲಿಸುವ ಪುಟ್ಟ ಟೋಪಿ) ತೆಗೆದಿಟ್ಟರೆ ಸಾಕಲ್ಲವೇ? ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ಆಳುಗಳ ಮಕ್ಕಳೂ ಓಡಾಡುತ್ತಾರೆ.
— ರೈತರು, ನಾಗಮಂಗಲ ತಾಲ್ಲೂಕು

ಉತ್ತರ: ಸಾಲದು. ನಿಮ್ಮ ತಾಲ್ಲೂಕಿನಲ್ಲೇ 2025ರ ಫೆಬ್ರವರಿಯಲ್ಲಿ ಕೋಳಿ ಫಾರಂ ಒಂದರಲ್ಲಿ ಕೈಗೆ ಸಿಕ್ಕ ಬಂದೂಕನ್ನು ಹುಡುಗನೊಬ್ಬ ಆಟಕ್ಕೆ ಹಿಡಿದು, ಗುಂಡು ಹಾರಿ, ಪುಟ್ಟ ಮಗು ಸತ್ತು ತಾಯಿ ಗಾಯಗೊಂಡದ್ದು ನಿಮಗೂ ಗೊತ್ತಿರುತ್ತದೆ. ಕೂಲಿಗೆ ಬಂದ ಸಂಸಾರದ ಮಕ್ಕಳು ಅವರು.

ಜಡಿಯುವ ಕೋವಿಯನ್ನು ಜನ ತುಂಬಿಯೇ ಇಡುವುದಕ್ಕೆ ಕಾರಣವಿದೆ. ಮದ್ದು, ಬಿರಡೆ, ಚರೆ, ಮತ್ತೆ ಬಿರಡೆ, ಎಲ್ಲವನ್ನೂ ಗಜದಿಂದ (ನಳಿಗೆಯೊಳಗೆ ಇಳಿಸುವ ಉದ್ದ ಕೋಲು) ಜಡಿದು ಕೇಪು ಇಡುವುದಕ್ಕೆ ಹೊತ್ತು ಹಿಡಿಯುತ್ತದೆ. ಖಾಲಿ ಮಾಡುವುದು ಅದಕ್ಕಿಂತ ಕಷ್ಟ, ಸಾಮಾನ್ಯವಾಗಿ ಹಾರಿಸಿಯೇ ಖಾಲಿ ಮಾಡುತ್ತಾರೆ. ಹೀಗಾಗಿ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಯಾರು, ಯಾವಾಗ ತುಂಬಿದರೆಂದು ಮನೆಯವರಿಗೇ ಮರೆತಿರುತ್ತದೆ. ಕೇಪು ತೆಗೆದರೂ ನಳಿಗೆಯೊಳಗೆ ಮದ್ದು, ಚರೆ ಇದ್ದೇ ಇರುತ್ತವೆ. ಕೇಪಿನ ಡಬ್ಬಿ ಬಹುತೇಕ ಮನೆಗಳಲ್ಲಿ ಅದೇ ಗೋಡೆಯ ಗೂಡಿನಲ್ಲಿರುತ್ತದೆ. ದೊಡ್ಡವರು ಕೇಪು ಇಡುವುದನ್ನು ನೋಡಿದ ಹತ್ತು ವರ್ಷದ ಹುಡುಗನಿಗೆ ಉಳಿದದ್ದನ್ನು ಯಾರೂ ಕಲಿಸಬೇಕಾಗಿಲ್ಲ. ಕೇಪು ಇಟ್ಟೇ ತೂಗುಹಾಕುವ ಮನೆಗಳಲ್ಲಂತೂ ಇನ್ನೂ ಕೆಟ್ಟದ್ದು. ಹಳೆಯ ಕೋವಿಗಳಲ್ಲಿ ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆ) ಅರ್ಧಕ್ಕೆ ತಡೆದು ನಿಲ್ಲಿಸುವ ಹಲ್ಲು ಸವೆದಿರುತ್ತದೆ, ಮೊಳೆಯಿಂದ ಜಾರಿ ನೆಲಕ್ಕೆ ಬಿದ್ದರೂ ಕುದುರೆ ಬಡಿದು ಹಾರಬಹುದು.

ತುಂಬಿದೆಯೋ ಇಲ್ಲವೋ ತಿಳಿಯಲು ಗಜವೇ ಸಾಕು. ಕೇಪು ತೆಗೆದು, ನಳಿಗೆಯ ಬಾಯಿಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಗಜವನ್ನು ನಿಧಾನವಾಗಿ ತಳಮುಟ್ಟ ಇಳಿಸಿ ಬಾಯಿಯ ಬಳಿ ಬೆರಳಿಟ್ಟು ಗುರುತು ಮಾಡಿಕೊಳ್ಳಿ. ಮುಖ, ಕೈ ಬಾಯಿಯ ನೇರಕ್ಕೆ ಬರದಿರಲಿ. ಗಜವನ್ನು ಹೊರತೆಗೆದು, ಗುರುತು ನಳಿಗೆಯ ಬಾಯಿಗೆ ಸರಿಯಾಗಿ ಬರುವಂತೆ ಹೊರಮೈಗೆ ಹಿಡಿದು ನೋಡಿ. ಗಜದ ತುದಿ ಕೇಪು ಕೂರುವ ಮೊಲೆಯ ಮಟ್ಟಕ್ಕೆ ಬರದೆ ಮೂರ್ನಾಲ್ಕು ಬೆರಳು ಮೇಲೆಯೇ ನಿಂತರೆ ಒಳಗೆ ಸರಕು ಇದೆ. ಇದ್ದರೆ ಕಬ್ಬಿಣದ ಸಲಾಕೆಯಿಂದ ಕೆದಕಬೇಡಿ, ಕಿಡಿ ಹಾರುತ್ತದೆ. ನೀರು ಸುರಿದು ಬಿಟ್ಟರಾಯಿತು ಎನ್ನುವವರ ಮಾತೂ ಬೇಡ, ಕರಿಮದ್ದು ಒಣಗಿದ ಮೇಲೆ ಮತ್ತೆ ಹೊತ್ತಿಕೊಳ್ಳುತ್ತದೆ. ಠಾಣೆಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ಲೈಸೆನ್ಸ್ ಉಳ್ಳ ಬಂದೂಕು ವ್ಯಾಪಾರಿಯಿಂದ ಖಾಲಿ ಮಾಡಿಸಿ.

ಆಮೇಲೆ ಗೋಡೆ ಬಿಟ್ಟು ಸ್ಟೀಲ್ ಬೀರುವಿಗೆ. ಬೀರುವನ್ನು ಬೋಲ್ಟ್ ಹಾಕಿ ಗೋಡೆಗೆ ಬಿಗಿಸಿ, ಟ್ರಿಗರ್ ಲಾಕ್ ಹಾಕಿ. ಮದ್ದು ಮತ್ತು ಕೇಪು ಬೇರೆ ಬೇರೆ ಪೆಟ್ಟಿಗೆಯಲ್ಲಿ, ಒಲೆಯಿಂದ ದೂರ, ಬೇರೆ ಕೀಲಿಯಲ್ಲಿ ಇರಲಿ. ಆ ಕೀಲಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುವುದಾದರೆ ಇಷ್ಟೆಲ್ಲ ಮಾಡಿ ಫಲವಿಲ್ಲ. 2016ರ ಶಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಕೇಳುವವರು ಆಯುಧವನ್ನು ಭದ್ರವಾಗಿ ಇಡುತ್ತೇವೆಂದು ಬರೆದುಕೊಡಬೇಕು. ಅಜಾಗರೂಕತೆಯಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಜೈಲು.

ಕಾವಲಿಗೆಂದು ಆಳಿನ ಕೈಗೆ ಕೋವಿ ಕೊಡುವುದೂ ತಪ್ಪು. ರಿಟೇನರ್ (ಲೈಸೆನ್ಸುದಾರರ ಪರವಾಗಿ ಆಯುಧ ಹಿಡಿಯುವವ) ಎಂದು ಅವನ ಹೆಸರು ಲೈಸೆನ್ಸಿನಲ್ಲಿ ಸೇರಿರಬೇಕು. ಬೆಳೆ ರಕ್ಷಣೆಯ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಹಂದಿ ಹೊಡೆಯಲು ಅನುಮತಿ ಸಿಕ್ಕಂತಲ್ಲ, ಅದನ್ನು ಅರಣ್ಯ ಇಲಾಖೆಯಿಂದ ಬೇರೆಯಾಗಿ ಪಡೆಯಬೇಕು.

ಪ್ರಶ್ನೆ: ಮಾವನವರು ತೀರಿಕೊಂಡರು. ಅವರ ಜೋಡಿ ನಳಿಗೆ ಬಂದೂಕು ಮನೆಯಲ್ಲೇ ಇದೆ. ಲೈಸೆನ್ಸ್ ಅವಧಿ ಇನ್ನೂ ಎರಡು ವರ್ಷ ಇದೆ. ಅಲ್ಲಿಯವರೆಗೆ ಇಟ್ಟುಕೊಳ್ಳಬಹುದೇ?
— ಗೃಹಿಣಿ, ಹುಣಸೂರು

ಉತ್ತರ: ಇಲ್ಲ. ಲೈಸೆನ್ಸ್ ವ್ಯಕ್ತಿಗೆ ಕೊಟ್ಟದ್ದು, ಮನೆಗಲ್ಲ. ಶಸ್ತ್ರ ಕಾಯ್ದೆಯ 21ನೇ ಕಲಮಿನಂತೆ ತಡ ಮಾಡದೆ ಠಾಣೆಯಲ್ಲೋ ಲೈಸೆನ್ಸ್ ಉಳ್ಳ ವ್ಯಾಪಾರಿಯ ಬಳಿಯೋ ಒಪ್ಪಿಸಿ ರಸೀದಿ ಪಡೆಯಿರಿ. ರಸೀದಿಯಲ್ಲಿ ಬಂದೂಕಿನ ನಂಬರ್ ಮತ್ತು ತೋಟಾಗಳ ಲೆಕ್ಕ ಎರಡೂ ಇರಲಿ. ಮನೆಯವರಲ್ಲಿ 21 ವರ್ಷ ತುಂಬಿದ ಯಾರಿಗಾದರೂ ಬೇಕಿದ್ದರೆ ವಾರಸುದಾರರಾಗಿ ಅರ್ಜಿ ಹಾಕಬಹುದು. ನಿಮ್ಮಲ್ಲಿ ಜಿಲ್ಲಾಧಿಕಾರಿಗೆ, ಮೈಸೂರು ನಗರದವರಾದರೆ ಪೊಲೀಸ್ ಕಮಿಷನರ್‌ಗೆ. ಯಾರಿಗೂ ಬೇಡವಾದರೆ ಅದನ್ನೂ ಬರೆದುಕೊಡಿ. ನೆನಪಿಗಿರಲಿ ಎಂದು ಹಾಲ್‌ನಲ್ಲಿ ತೂಗುಹಾಕುವುದು ಬೇಡ.

ಪ್ರಶ್ನೆ: ಶಾಲೆಯ ಇಮೇಲಿಗೆ ಬಾಂಬ್ ಬೆದರಿಕೆ ಬಂದರೆ ಮೊದಲ ಹತ್ತು ನಿಮಿಷ ಏನು ಮಾಡಬೇಕು? ಎಲ್ಲವೂ ಹುಸಿಯೇ ಅಲ್ಲವೇ?
— ಮುಖ್ಯೋಪಾಧ್ಯಾಯಿನಿ, ಕುವೆಂಪುನಗರ, ಮೈಸೂರು

ಉತ್ತರ: 2023ರ ಡಿಸೆಂಬರ್ 1ರಂದು ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಂದದ್ದು ಹುಸಿಯೇ. ಆದರೆ ಹುಸಿ ಎಂದು ತೀರ್ಮಾನಿಸುವುದು ಪೊಲೀಸರ ಕೆಲಸ. 112ಕ್ಕೆ ಕರೆ ಮಾಡಿ. ಮೇಲ್ ಅಳಿಸಬೇಡಿ, ಉತ್ತರಿಸಬೇಡಿ, ವಾಟ್ಸ್ಆ್ಯಪ್ ಗ್ರೂಪಿಗಂತೂ ಹಾಕಲೇಬೇಡಿ. ಮೂಲ ಮೇಲ್ ಹಾಗೇ ಇದ್ದರೆ ಮಾತ್ರ ಅದು ಹೊರಟ ಜಾಡು ಹಿಡಿಯಲು ಆಗುವುದು, ಸ್ಕ್ರೀನ್‌ಶಾಟಿನಲ್ಲಿ ಆ ವಿವರ ಇರುವುದಿಲ್ಲ.

ಮಕ್ಕಳನ್ನು ತೆರವು ಮಾಡುವಾಗ ಶಿಕ್ಷಕರ ಕೈಯಲ್ಲಿ ಹಾಜರಿ ಪುಸ್ತಕ ಇರಬೇಕು. ಬ್ಯಾಗುಗಳನ್ನು ಮಕ್ಕಳೇ ತೆಗೆದುಕೊಂಡು ಹೋಗಲಿ. ಬಿಟ್ಟುಹೋದರೆ ನೂರಾರು ಬ್ಯಾಗನ್ನು ಒಂದೊಂದಾಗಿ ತಪಾಸಿಸಬೇಕಾಗುತ್ತದೆ. ಹೊರಡುವ ಮೊದಲು ಪ್ರತಿ ಶಿಕ್ಷಕರು ತಮ್ಮ ಕೊಠಡಿಯನ್ನು ಒಮ್ಮೆ ಕಣ್ಣಾಡಿಸಲಿ, ತಮ್ಮದಲ್ಲದ ವಸ್ತು ಯಾವುದೆಂದು ಹೊರಗಿನವರಿಗಿಂತ ಅವರಿಗೇ ಬೇಗ ಗೊತ್ತಾಗುತ್ತದೆ. ಕಂಡರೆ ಮುಟ್ಟುವುದು ಬೇಡ, ಹತ್ತಿರ ವಾಕಿಟಾಕಿ, ಮೊಬೈಲ್ ಬಳಸುವುದೂ ಬೇಡ. ಮಕ್ಕಳನ್ನು ವಾಹನ ನಿಲ್ಲಿಸುವ ಜಾಗದಲ್ಲಿ ಸೇರಿಸಬೇಡಿ. ನೂರು ಮೀಟರಿಗಿಂತ ದೂರದ ಮೈದಾನ ಅಥವಾ ಕಲ್ಯಾಣ ಮಂಟಪವನ್ನು ಈಗಲೇ ಮಾತಾಡಿಟ್ಟುಕೊಳ್ಳಿ. ಪೋಷಕರಿಗೆ ಒಂದೇ ಸಂದೇಶ, ಒಬ್ಬರೇ ಕಳಿಸಬೇಕು: ಮಕ್ಕಳು ಎಲ್ಲಿದ್ದಾರೆ, ಯಾವ ಗೇಟಿಗೆ ಬರಬೇಕು, ಎಷ್ಟು ಹೊತ್ತಿಗೆ. ಸಂದೇಶ ತಡವಾದರೆ ಎಲ್ಲರೂ ಏಕಕಾಲಕ್ಕೆ ಸ್ಕೂಟರ್ ಏರಿ ಬಂದು ಬಾಂಬ್ ನಿಷ್ಕ್ರಿಯ ದಳದ ವಾಹನಕ್ಕೇ ದಾರಿ ಇಲ್ಲದಂತಾಗುತ್ತದೆ.

ಪ್ರಶ್ನೆ: ಒಂಬತ್ತನೇ ತರಗತಿಯ ಹುಡುಗ ಜಗಳದಲ್ಲಿ 'ನಾಳೆ ಗನ್ ತಂದು ಎಲ್ಲರನ್ನೂ ಮುಗಿಸ್ತೀನಿ' ಅಂದನಂತೆ. ಟಿ.ಸಿ. ಕೊಟ್ಟು ಕಳಿಸುವುದೇ?
— ಶಿಕ್ಷಕರು, ಮಳವಳ್ಳಿ

ಉತ್ತರ: ಟಿ.ಸಿ. ಕೊಟ್ಟರೆ ಸಿಟ್ಟು ಅವನ ಬಳಿಯೇ ಉಳಿಯುತ್ತದೆ, ನಿಮ್ಮ ಕಣ್ಣು ಮಾತ್ರ ತಪ್ಪುತ್ತದೆ. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ 37 ಶಾಲಾ ದಾಳಿಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟವು. ಶೇ. 81ರಷ್ಟು ಪ್ರಕರಣಗಳಲ್ಲಿ ದಾಳಿಯ ಯೋಚನೆ ಒಬ್ಬರಿಗಾದರೂ ಮೊದಲೇ ತಿಳಿದಿತ್ತು. ಹೆಚ್ಚಿನವರು ಆಯುಧ ತಂದದ್ದು ಸ್ವಂತ ಮನೆಯಿಂದ ಅಥವಾ ನೆಂಟರ ಮನೆಯಿಂದ. ನಮ್ಮಲ್ಲೂ 2007ರ ಡಿಸೆಂಬರಿನಲ್ಲಿ ಗುರುಗ್ರಾಮದ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗನನ್ನು ಸಹಪಾಠಿಗಳು ಕೊಂದದ್ದು ಒಬ್ಬನ ತಂದೆಯ ಪಿಸ್ತೂಲಿನಿಂದಲೇ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ಹುಡುಗನಿಗಲ್ಲ, ಅಪ್ಪ ಅಮ್ಮನಿಗೆ: ಮನೆಯಲ್ಲಿ, ಅಜ್ಜಿ ಮನೆಯಲ್ಲಿ, ಚಿಕ್ಕಪ್ಪನ ತೋಟದಲ್ಲಿ ಬಂದೂಕು ಇದೆಯೇ? ಇದ್ದರೆ ಅದು ಅಂದೇ ಠಾಣೆಯಲ್ಲೋ ವ್ಯಾಪಾರಿಯ ಬಳಿಯೋ ಠೇವಣಿಯಾಗಲಿ. ಆಮೇಲೆ ಹುಡುಗನ ಜೊತೆ ಅವನು ನಂಬುವ ಒಬ್ಬ ಶಿಕ್ಷಕರು ಮಾತ್ರ ಕೂತು ಮಾತಾಡಲಿ. ಸಿಟ್ಟಿನ ಬಾಯಿಮಾತಿಗೂ ಯೋಜನೆಗೂ ವ್ಯತ್ಯಾಸ ವಿವರಗಳಲ್ಲಿ ಕಾಣುತ್ತದೆ. ದಿನ, ಜಾಗ, ಹೆಸರುಗಳ ಪಟ್ಟಿ, ಗೆಳೆಯನಿಗೆ 'ಅವತ್ತು ಬರಬೇಡ' ಎಂಬ ಎಚ್ಚರಿಕೆ ಇದ್ದರೆ ತಕ್ಷಣ ಪೊಲೀಸರಿಗೆ ತಿಳಿಸಿ. ಬರೀ ಮಾತಾದರೆ ಜಗಳದ ಮೂಲ ಹಿಡಿಯಿರಿ, ಬಹಳ ಸಲ ಅವನನ್ನು ತಿಂಗಳುಗಳಿಂದ ಯಾರೋ ಕಾಡುತ್ತಿರುತ್ತಾರೆ. 1098ರ ಮಕ್ಕಳ ಸಹಾಯವಾಣಿಯ ನೆರವನ್ನೂ ಕೇಳಬಹುದು. ನಿಮಗೆ ವಿಷಯ ತಿಳಿಸಿದ ಮಗುವಿನ ಹೆಸರು ಸ್ಟಾಫ್ ರೂಮಿನಲ್ಲೂ ಬರಕೂಡದು. ಒಮ್ಮೆ ಬಯಲಾದರೆ ಮುಂದೆ ಯಾವ ಮಗುವೂ ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಶಾಲೆಗೆ ಹೋಗುವ ಕಾಲುದಾರಿಯ ಬದಿಯ ಕಬ್ಬಿನ ಗದ್ದೆಯಲ್ಲಿ ಹಂದಿಗೆಂದು ಸಿಡಿಮದ್ದಿನ ಉಂಡೆ ಇಡುತ್ತಾರೆಂಬ ಮಾತಿದೆ. ಮಕ್ಕಳಿಗೆ ಏನು ಹೇಳಿಕೊಡಬೇಕು?
— ಎಸ್‌ಡಿಎಂಸಿ ಸದಸ್ಯರು, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಇದು ಬಂದೂಕಿಗಿಂತ ಹತ್ತಿರದ ಅಪಾಯ. ಹಿಟ್ಟಿನಲ್ಲೋ ಕೊಬ್ಬಿನಲ್ಲೋ ಸುತ್ತಿದ ಉಂಡೆ ನೋಡಲು ತಿಂಡಿಯಂತೆಯೇ ಇರುತ್ತದೆ. ಕಚ್ಚಿದರೆ, ಒತ್ತಿದರೆ, ಕಲ್ಲಿನಿಂದ ಜಜ್ಜಿದರೆ ಸಿಡಿಯುತ್ತದೆ. ಬೆಂಕಿ ಬೇಕಿಲ್ಲ. ಮಕ್ಕಳಿಗೆ ಮೂರೇ ಮಾತು: ಮುಟ್ಟಬೇಡ, ಒದೆಯಬೇಡ, ಬಂದ ಹೆಜ್ಜೆಯಲ್ಲೇ ಹಿಂದಿರುಗಿ ದೊಡ್ಡವರಿಗೆ ಹೇಳು. ದೊಡ್ಡವರೂ ಅದನ್ನು ನೀರಿನ ಬಕೆಟ್ಟಿಗೆ ಹಾಕುವ ಸಾಹಸ ಮಾಡದೆ, ನಾಯಿ ದನ ಹತ್ತಿರ ಸುಳಿಯದಂತೆ ದೂರ ಕಾವಲು ನಿಂತು 112ಕ್ಕೆ ಕರೆ ಮಾಡಬೇಕು. ಇಡುವವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಗ್ರಾಮಸಭೆಯಲ್ಲಿ ಹೆಸರೆತ್ತಲು ಸಂಕೋಚವಾದರೆ ಬೀಟ್ ಪೊಲೀಸರಿಗಾದರೂ ತಿಳಿಸಿ.

ಪ್ರಶ್ನೆ: ಏರ್‌ಗನ್‌ಗೆ ಲೈಸೆನ್ಸ್ ಬೇಡವಂತೆ. 13 ವರ್ಷದ ಮಗನಿಗೆ ಕೊಡಿಸಬಹುದೇ?
— ಪೋಷಕರು, ಶ್ರೀರಂಗಪಟ್ಟಣ

ಉತ್ತರ: ನಳಿಗೆಯ ಒಳವ್ಯಾಸ 0.177 ಇಂಚು ಮೀರದೆ, ಶಕ್ತಿ 20 ಜೌಲ್ ದಾಟದೆ ಇದ್ದರೆ ಲೈಸೆನ್ಸ್ ಬೇಡ. ಆದರೆ ಅದರ ಸೀಸದ ಗುಂಡು ಹತ್ತಿರದಿಂದ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಗುರಿ ಕಲಿಯುವ ಆಸೆ ಇದ್ದರೆ ಕೋಚ್ ಇರುವ ರೈಫಲ್ ಕ್ಲಬ್ಬಿಗೆ ಸೇರಿಸಿ, ಗನ್ ಅಲ್ಲೇ ಇರಲಿ. ತಾರಸಿಯಲ್ಲಿ ಕೋತಿ ಓಡಿಸಲು ಎಂದಾದರೆ ಬೇಡ.