ಡೆಂಗ್ಯೂ, ಟೈಫಾಯ್ಡ್, ಮಲೇರಿಯಾ ಮೂರೂ ಜ್ವರವೇ ಅಲ್ವಾ, ಒಂದೇ ಆಂಟಿಬಯಾಟಿಕ್ ಸಾಕಾಗಲ್ವಾ?

ಸಾಕಾಗಲ್ಲ. ಮೂರರ ಹಿಂದಿರುವ ರೋಗಾಣುಗಳೇ ಬೇರೆ ಬೇರೆ.

ಟೈಫಾಯ್ಡ್ ಬರುವುದು ಸಾಲ್ಮೊನೆಲ್ಲಾ ಟೈಫಿ ಅನ್ನೋ ಬ್ಯಾಕ್ಟೀರಿಯಾದಿಂದ, ಕೊಳಕು ನೀರು ಮತ್ತು ಊಟದ ಮೂಲಕ. ಇದಕ್ಕೆ ಆಂಟಿಬಯಾಟಿಕ್ ಬೇಕೇ ಬೇಕು. ಮಲೇರಿಯಾ ತರುವುದು ಪ್ಲಾಸ್ಮೋಡಿಯಂ ಎಂಬ ಒಂದೇ ಕೋಶದ ಪರಾವಲಂಬಿ, ಅದಕ್ಕೆ ಬೇರೆಯದೇ ಮಾತ್ರೆ. (1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಇದನ್ನು ಕಂಡ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್, ಅದಕ್ಕೂ ಮೊದಲು ನಮ್ಮ ಬೆಂಗಳೂರಿನಲ್ಲೇ ಕಾಲರಾ ತಡೆಯುವ ಕೆಲಸದಲ್ಲಿದ್ದರು.)

ಬೆಂಗಳೂರಲ್ಲಿ ಮಳೆ ಶುರುವಾದರೆ ಜಾಸ್ತಿ ಕಾಟ ಡೆಂಗ್ಯೂದು. ಇದು ವೈರಸ್, ಆಂಟಿಬಯಾಟಿಕ್ ಇದರ ಮೇಲೆ ಕೆಲಸವನ್ನೇ ಮಾಡಲ್ಲ, ಸುಮ್ನೆ ದುಡ್ಡು ದಂಡ. ಇದರಲ್ಲಿ 4 ಬಗೆ ಇವೆ, ಒಂದು ಬಗೆ ಬಂದು ಹೋದರೆ ಅದರ ವಿರುದ್ಧ ಮಾತ್ರ ಬಹುಕಾಲ ರಕ್ಷಣೆ ಸಿಗುತ್ತದೆ, ಮುಂದೆ ಇನ್ನೊಂದು ಬಗೆ ತಗುಲಿದರೆ ಮೊದಲಿಗಿಂತ ಜೋರಾಗುವ ಅಪಾಯ ಹೆಚ್ಚು. ಹರಡುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುತ್ತದೆ. ಮೊಟ್ಟೆ ಇಡುವುದು ಚರಂಡಿಗಿಂತ ಜಾಸ್ತಿ ಮುಚ್ಚಳವಿಲ್ಲದ ಸಂಪು, ಡ್ರಮ್ಮು, ಹೂಕುಂಡದ ತಟ್ಟೆ, ಎಸೆದ ಎಳನೀರು ಬುರುಡೆಯಲ್ಲಿ.

ಡೆಂಗ್ಯೂ ಅನುಮಾನ ಇದ್ದರೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಬೇಡ, ರಕ್ತಸ್ರಾವದ ಭಯ. ಡೆಂಗ್ಯೂ ಪತ್ತೆಹಚ್ಚುವ ಎನ್‌ಎಸ್1 ರಕ್ತಪರೀಕ್ಷೆಯನ್ನು ಜ್ವರದ ಮೊದಲ 5 ದಿನದೊಳಗೆ ಮಾಡಿಸಿ. ಜ್ವರ ಇಳಿಯಿತು ಅಂತ ನಿರಾಳವಾಗುವ ಹೊತ್ತಲ್ಲೇ ಕೆಲವರಿಗೆ ಕೆಡುತ್ತದೆ, ಆಗ ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೆ ಹೋಗಿ.