ಅವನು ಕೇಳಲಿ ಬಿಡಿ

ಪತ್ರ: "ಮಗ ಹತ್ತನೇ ಕ್ಲಾಸು. ಬರುವ ತಿಂಗಳು ನಮ್ಮ ಇಗರ್ಜಿಯಲ್ಲಿ ಬಿಷಪರು ಬಂದು ಹಣೆಗೆ ಪವಿತ್ರ ತೈಲ ಹಚ್ಚಿ ದೃಢೀಕರಣದ ಸಂಸ್ಕಾರ ಕೊಡುತ್ತಾರೆ. ಇವನು 'ಮಗುವಾಗಿದ್ದಾಗ ನನ್ನನ್ನು ಕೇಳದೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಿಸಿದ್ರಿ. ಈಗ ನಾನು ಬೇಡ ಅಂದ್ರೆ?' ಎನ್ನುತ್ತಾನೆ. ಶಾಲೆಯ ಮಲಯಾಳಿ ಗೆಳೆಯನಿಗೆ ಹುಟ್ಟಿದ ವರ್ಷವೇ ಇದೆಲ್ಲ ಆಗಿದೆಯಂತೆ, 'ನನಗೆ ಮಾತ್ರ ಯಾಕೆ ಇಷ್ಟು ಕ್ಲಾಸು?' ಅಂತಾನೆ. ಆ ದಿನ ಇವನ ಜೊತೆ ನಿಲ್ಲುವ ಧರ್ಮತಂದೆಯಾಗಲು ನನ್ನ ತಮ್ಮ ಕುವೈತ್‌ನಿಂದ ರಜೆಯಲ್ಲಿ ಬರುತ್ತಾನೆ. ಇವನನ್ನು ಗದರಿಸಿ ಕಳಿಸಲಾ?"
- ಒಬ್ಬ ತಾಯಿ, ಬೇಳ (ಕಾಸರಗೋಡು)

ಪ್ರಿಯ ಸಹೋದರಿ,

ಗದರಿಸಬೇಡಿ. ಇಷ್ಟು ವರ್ಷ ಬಾಯಿಪಾಠ ಒಪ್ಪಿಸುತ್ತಿದ್ದ ಹುಡುಗ ಈಗ ತನ್ನದೇ ಮಾತಿನಲ್ಲಿ ಕೇಳುತ್ತಿದ್ದಾನೆ. ನನಗಂತೂ ಅವನ ತಯಾರಿ ಶುರುವಾಗಿದ್ದೇ ಈಗ ಎನಿಸುತ್ತದೆ.

ಮೊದಲು ಗೆಳೆಯನ ವಿಷಯ. ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಜಿಲ್ಲೆಯ ಗುಡ್ಡದ ಕಡೆ ತಿರುವಾಂಕೂರಿನಿಂದ ಬಂದು ನೆಲೆಸಿದ ಸಿರೋ ಮಲಬಾರ್ (ಕೇರಳದ ಪೂರ್ವ ಪದ್ಧತಿಯ ಕಥೋಲಿಕ) ಕುಟುಂಬಗಳು ಇವೆಯಲ್ವಾ, ಅವರಲ್ಲಿ ದೀಕ್ಷಾಸ್ನಾನದ ಜೊತೆಗೇ ಪಾದ್ರಿಗಳು ಮಗುವಿಗೆ ಪವಿತ್ರ ತೈಲ ಹಚ್ಚಿ ಇದೇ ಸಂಸ್ಕಾರ ಕೊಡುತ್ತಾರೆ. ಪೂರ್ವದ ಕ್ರೈಸ್ತ ಸಭೆಗಳ ಹಳೇ ಪದ್ಧತಿ ಅದು. ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ನಾವು ಲತೀನ್ (ರೋಮನ್) ಪದ್ಧತಿಯವರು. ನಮ್ಮಲ್ಲಿ ಮಗು ಬೆಳೆದು ತಿಳುವಳಿಕೆ ಬರುವವರೆಗೆ ಕಾಯುತ್ತಾರೆ. ಎರಡೂ ಒಂದೇ ಸಂಸ್ಕಾರ, ಒಂದೇ ಪವಿತ್ರಾತ್ಮ. ಗೆಳೆಯನಿಗೆ ಸಿಕ್ಕಿದ್ದು ಕಡಿಮೆಯಲ್ಲ, ನಿಮ್ಮ ಮಗನಿಗೆ ಸಿಗುವುದು ಜಾಸ್ತಿಯೂ ಅಲ್ಲ.

ಇನ್ನು ಅವನ ದೊಡ್ಡ ಪ್ರಶ್ನೆ. 1983ರ ಧರ್ಮಸಭೆಯ ಕಾನೂನೇ ಹೇಳುತ್ತದೆ: ಬುದ್ಧಿ ಬಂದವರು ಇದನ್ನು ಪಡೆಯಬೇಕಾದರೆ ತಕ್ಕಷ್ಟು ಕಲಿತಿರಬೇಕು, ಮನಸ್ಸು ಸಿದ್ಧವಿರಬೇಕು, ದೀಕ್ಷಾಸ್ನಾನದ ವಾಗ್ದಾನಗಳನ್ನು ತಾವೇ ಮತ್ತೆ ಹೇಳಬಲ್ಲವರಾಗಿರಬೇಕು. ಅವನು ಮಗುವಾಗಿದ್ದಾಗ ಅವನ ಪರವಾಗಿ "ನಂಬುತ್ತೇನೆ" ಎಂದವರು ನೀವು. ಆ ದಿನ ಬಿಷಪರು ಕೇಳುವುದು ಅವನನ್ನು. ಉತ್ತರ ಅವನ ಬಾಯಿಂದಲೇ ಬರಬೇಕು. ಅಮ್ಮನ ಹೆದರಿಕೆಗೆ ಬಂದ "ನಂಬುತ್ತೇನೆ" ಯಾರಿಗೆ ಬೇಕು ಹೇಳಿ?

ನಾನೂ ಕೆಲವು ವರ್ಷ ದೊತೊರ್ನ್ (ಭಾನುವಾರದ ಧರ್ಮೋಪದೇಶ ಕ್ಲಾಸು) ಕಲಿಸಿದವನು. ಪವಿತ್ರಾತ್ಮನ ಏಳು ವರಗಳನ್ನು ಅಂಗೈಯಲ್ಲಿ ಬಾಲ್‌ಪೆನ್‌ನಿಂದ ಬರೆದುಕೊಂಡು ಬರುತ್ತಿದ್ದ ಹುಡುಗರನ್ನು ನೋಡಿದ್ದೇನೆ. ಒಮ್ಮೆ ಏಳನೆಯದಾದ ದೇವಭಯ ಹೇಳಿಕೊಡುವಾಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, "ಅಪ್ಪ ಕುಡಿದು ಬಂದಾಗ ಹೆದರ್ತೇವಲ್ಲ ಸರ್, ಹಾಗಾ?" ನನ್ನ ಬಾಯಿ ಕಟ್ಟಿಹೋಯಿತು. ಪುಸ್ತಕದ ಸಾಲು ಓದಿ ಮುಂದೆ ಹೋದೆ. ಇಡೀ ವಾರ ನಿದ್ದೆ ಸರಿ ಬರಲಿಲ್ಲ. ಮುಂದಿನ ಭಾನುವಾರ ಅವಳ ಹತ್ತಿರ ಕೂತು ಹೇಳಿದೆ, "ಹಾಗಲ್ಲ ಮಗಾ. ನಿನ್ನನ್ನು ತುಂಬ ಪ್ರೀತಿಸುವ ಅಜ್ಜಿಗೆ ನಿನ್ನಿಂದ ನೋವಾಗಬಾರದು ಅಂತ ಅಂಜುತ್ತೀಯಲ್ಲ, ಅದು." ಅವಳು ಏನೂ ಹೇಳಲಿಲ್ಲ, ತಲೆಯಾಡಿಸಿದಳು. ಆ ವರ್ಷ ನಾನು ಕಲಿಸಿದ್ದರಲ್ಲಿ ಅವಳಿಗೆ ದಕ್ಕಿದ್ದು ಅದೊಂದೇ ಇರಬಹುದು. ಅವಳು ಕೇಳದೇ ಇದ್ದಿದ್ದರೆ ಅದೂ ಇಲ್ಲ.

ಹಾಗಾಗಿ ಒಂದು ಸಂಜೆ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಮಗನ ಜೊತೆ ಸುಮ್ನೆ ಕೂತುಕೊಳ್ಳಿ. ನೀವು ಯಾಕೆ ನಂಬುತ್ತೀರಿ, ಯಾವಾಗ ನಿಮಗೂ ನಂಬಿಕೆ ಅಲುಗಾಡಿತು, ಅದನ್ನು ಹೇಳಿ. ಮದುವೆಗೆ ಸರ್ಟಿಫಿಕೇಟ್ ಬೇಕಾಗುತ್ತದೆ ಎಂಬ ಮಾತು ಮಾತ್ರ ಎತ್ತಬೇಡಿ. ಮದುವೆಗೆ ಮೊದಲು ದೃಢೀಕರಣ ಆಗಿರಲಿ ಎಂದು ಧರ್ಮಸಭೆ ಹೇಳುವುದು ನಿಜ. ಆದರೆ ಹದಿನೈದರ ಹುಡುಗನಿಗೆ ಅದು ಕಾರಣವಾಗುವುದಿಲ್ಲ. ಆಮೇಲೂ ಅವನು ಬೇಡ ಎಂದರೆ ಫಾದರ್ ಹತ್ತಿರ ಅವನೇ ಹೋಗಿ ಮಾತಾಡಲಿ. ಮುಂದಿನ ಸಲಕ್ಕೆ ಹಾಕಿದರೆ ಮಾನ ಹೋಗುವುದಿಲ್ಲ. ಇದು ಜೀವನದಲ್ಲಿ ಒಂದೇ ಸಲ ಸಿಗುವ ಸಂಸ್ಕಾರ, ಅವಸರದಲ್ಲಿ ಮುಗಿಸಿಬಿಡುವುದಲ್ಲ.

ಕೊನೆಗೆ ನಿಮ್ಮ ತಮ್ಮನ ವಿಷಯ. ಬಿಷಪರು ಕ್ರಿಸ್ಮ ತೈಲದಲ್ಲಿ ಹೆಬ್ಬೆರಳು ಅದ್ದಿ ಹಣೆಯ ಮೇಲೆ ಶಿಲುಬೆ ಎಳೆಯುವಾಗ ಧರ್ಮತಂದೆಯ ಬಲಗೈ ಹುಡುಗನ ಹೆಗಲ ಮೇಲಿರುತ್ತದೆ. ಆಲಿವ್ ಎಣ್ಣೆ, ಸುಗಂಧದ ಅಂಟು ಸೇರಿದ ಆ ತೈಲದ ಪರಿಮಳ ಸಂಜೆವರೆಗೂ ಹಣೆಯಲ್ಲಿ ಉಳಿಯುತ್ತದೆ. ಹೆಗಲ ಮೇಲಿನ ಕೈ ಅದಕ್ಕಿಂತ ಜಾಸ್ತಿ ದಿನ ಉಳಿಯಬೇಕು. ಹದಿನಾರು ತುಂಬಿದ, ದೃಢೀಕರಣ ಪಡೆದ, ವಿಶ್ವಾಸದಲ್ಲಿ ಬದುಕುವ ಕಥೋಲಿಕರು ಯಾರಾದರೂ ಈ ಜಾಗದಲ್ಲಿ ನಿಲ್ಲಬಹುದು, ಹೆತ್ತವರು ಮಾತ್ರ ನಿಲ್ಲುವಂತಿಲ್ಲ. ವಾಚು ತಂದುಕೊಟ್ಟು ಹದಿನೈದು ದಿನಕ್ಕೆ ವಿಮಾನ ಹತ್ತುವ ಮಾವನೋ, ಕಷ್ಟ ಬಂದಾಗ ಸೈಕಲ್ ಹತ್ತಿ ಹೋಗಿ ಬಾಗಿಲು ತಟ್ಟಬಹುದಾದ ವಾಳೆಯ (ಇಗರ್ಜಿ ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರೋ? ಮಗನನ್ನೇ ಕೇಳಿ. ತಮ್ಮನ ಹೆಸರು ಬರದಿದ್ದರೆ ಬೇಜಾರು ಮಾಡ್ಕೋಬೇಡಿ, ತಮ್ಮನಿಗೆ ನೀವೇ ಫೋನ್ ಮಾಡಿ ಹೇಳಿ.

- ಸಂಪಾದಕ